ಸಹಾಯ ಬೇಕು: ಧಾರವಾಡದಲ್ಲಿ ಚಿತ್ರ ಬರೆಯಲು ಜಾಗ, ಒಂದಿಷ್ಟು ಸಲಹೆ

ಎಲ್ಲರಿಗೂ ನಮಸ್ಕಾರ್ರಿ. ನಾನು ಧಾರವಾಡದಲ್ಲಿ ಬಿಎಫ್‌ಎ (ಚಿತ್ರಕಲೆಯ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಊರು ಗದಗ ಹತ್ತಿರದ ಲಕ್ಕುಂಡಿ. ಕ್ಲಾಸಿನ ಕೆಲಸ ಹೇಗೋ ಮುಗಿಯುತ್ತದೆ. ನನ್ನದೇ ಅಂತ ಒಂದು ಕೆಲಸ ಬೆಳೆಸುವುದು ಕಷ್ಟವಾಗುತ್ತಿದೆ.

ಒಂದು ವರ್ಷದಿಂದ ನಮ್ಮ ಅಜ್ಜಿ ಹೊಲಿದ ಕೌದಿಗಳನ್ನು ಬರೆಯುತ್ತಿದ್ದೇನೆ. ಹಳೆ ಇಳಕಲ್ ಸೀರೆ, ಅಜ್ಜನ ಧೋತರ, ನಾನು ಸಣ್ಣವಳಿದ್ದಾಗಿನ ಫ್ರಾಕು, ಎಲ್ಲ ಒಂದೇ ಕೌದಿಯಲ್ಲಿ ಸಿಗುತ್ತವೆ. ಮೊದಲು ಬಣ್ಣದ ತುಂಡುಗಳನ್ನಷ್ಟೇ ನೋಡುತ್ತಿದ್ದೆ. ಈಗ ಅಜ್ಜಿಯ ದಾರದ ಗೆರೆಯೇ ಜಾಸ್ತಿ ಕಾಣುತ್ತದೆ. ಒಂದು ಕಡೆ ನೇರ, ಕಣ್ಣು ಮಂಜಾದ ಮೇಲೆ ಸೊಟ್ಟ. ಆ ಸೊಟ್ಟ ಗೆರೆಯನ್ನೇ ಹಿಡಿಯಬೇಕು. 11 ಚಿತ್ರ ಆಗಿವೆ, ಮುಂದೆ ದಾರಿ ತಿಳಿಯುತ್ತಿಲ್ಲ.

ದೊಡ್ಡ ತೊಂದರೆ ಜಾಗದ್ದು. ಎಣ್ಣೆಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆಗೆ ರೂಮಿನ ಗೆಳತಿಗೆ ತಲೆನೋವು ಬರುತ್ತದೆ. ಅವಳದೇನೂ ತಪ್ಪಿಲ್ಲ. ಮಳೆಗಾಲದಲ್ಲಂತೂ ಎಣ್ಣೆಬಣ್ಣ ಬೇಗ ಒಣಗುವುದೇ ಇಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಹಸಿಯಿದ್ದಾಗಲೇ ನಿಧಾನವಾಗಿ ಬೆರೆಸಲು ಬಿಡುವುದಿಲ್ಲ.

ಸಪ್ತಾಪುರ, ಮಾಳಮಡ್ಡಿ ಕಡೆ ಗಾಳಿ ಬೆಳಕು ಇರುವ ಖಾಲಿ ಖೋಲಿ ಯಾರದಾದರೂ ಇದೆಯೇ? ತಿಂಗಳಿಗೆ 1,500 ರೂಪಾಯಿ ಕೊಡಬಲ್ಲೆ. ಇಬ್ಬರು ಮೂವರು ಹಂಚಿಕೊಂಡರೂ ಸರಿ.

ಹಾಗೇ, ಗರಗದ ಖಾದಿಯನ್ನು ಕ್ಯಾನ್ವಾಸ್ ಮಾಡಿಕೊಂಡವರು ಇದ್ದೀರಾ? ಬರಿ ಬಟ್ಟೆಗೆ ಎಣ್ಣೆ ತಾಗಿದರೆ ನೂಲು ಹಾಳಾಗುತ್ತದೆ ಅಲ್ವಾ, ಬಣ್ಣಕ್ಕೆ ಮುಂಚೆ ಬಟ್ಟೆಗೆ ಬಳಿಯುವ ಜೆಸ್ಸೊ ಲೇಪ ಎಷ್ಟು ಕೋಟು ಹಾಕುತ್ತೀರಿ?

ಓದು ಮುಗಿದ ಮೇಲೂ ಚಿತ್ರ ಬಿಡದ ಅಣ್ಣಾರು, ಅಕ್ಕಾರು ಒಂದು ಭಾನುವಾರ ಬಂದು ಇವನ್ನು ನೋಡುತ್ತೀರಾ? ಸುಮ್ನೆ ಹೊಗಳಬೇಡಿ, ಅನಿಸಿದ್ದನ್ನು ನೇರವಾಗಿ ಹೇಳಿ. ಇಲ್ಲೇ ಕಮೆಂಟ್ ಹಾಕಿದರೆ ನಾನೇ ಮೆಸೇಜ್ ಮಾಡುತ್ತೇನೆ.