ಶಿಬಿರದ ಬೆಂಕಿಗೆ ಹಾಕಿದ ಚೀಟಿ, ಮನೆಯಲ್ಲಿ ಕಪಾಟಿನ ಮೇಲಿರುವ ಮದ್ದಳೆ

ಪ್ರಶ್ನೆ: ಉಡುಪಿ ಕಡೆಯ ವಿದ್ಯಾರ್ಥಿ

ಎಲ್ಲರಿಗೂ ವಂದನೆಗಳು. ನನಗೆ ಹದಿನಾರು ವರ್ಷ, ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ನಮ್ಮದು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಕಾಲದಿಂದ ಬಂದ ಪ್ರೊಟೆಸ್ಟಂಟ್ ಸಿಎಸ್‌ಐ ಸಭೆ. ಮನೆಯಲ್ಲಿ ತುಳು ಮಾತನಾಡುತ್ತೇವೆ, ಆರಾಧನೆ ಕನ್ನಡದಲ್ಲಿ ನಡೆಯುತ್ತದೆ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ 7.40ರ ಬಸ್ಸು ಹಿಡಿದರೆ ಮನೆಗೆ ಮರಳುವುದು ಸಂಜೆ ಏಳಕ್ಕೆ. ನಡುವೆ ಕಾಲೇಜು, ವಾರದಲ್ಲಿ ಮೂರು ದಿನ ಭೌತಶಾಸ್ತ್ರದ ಟ್ಯೂಷನ್. ಊಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ ನನ್ನದು, ಆ ಅರ್ಧ ಗಂಟೆಯಲ್ಲಿ ನಾನು ಮದ್ದಳೆ ನುಡಿಸುತ್ತಿದ್ದೆ. ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಯಕ್ಷಗಾನ ತರಬೇತಿ ಆರಂಭವಾಯಿತು. ಮೊದಲು ನನ್ನನ್ನು ಕುಣಿತಕ್ಕೆ ಸೇರಿಸಿದ್ದರೂ ನನ್ನ ಕಿವಿ ಸದಾ ಹಿಮ್ಮೇಳದ ಕಡೆಗೇ ಹೋಗುತ್ತಿತ್ತು. ಅದನ್ನು ಗಮನಿಸಿದ ಗುರುಗಳು ಒಂದು ದಿನ ಕರೆದು ಮದ್ದಳೆಯ ಮುಂದೆ ಕೂರಿಸಿದರು. ಆಮೇಲೆ ಎರಡು ವರ್ಷ ಪ್ರತಿ ಶನಿವಾರ ಅವರ ಮನೆಗೆ ಹೋಗಿ ಕಲಿತೆ. ಕಳೆದ ವರ್ಷ ಅಜ್ಜಿ ಕೊಟ್ಟ ಹಣಕ್ಕೆ ನಾನು ಕೂಡಿಟ್ಟದ್ದನ್ನೂ ಸೇರಿಸಿ ಹಳೆಯದೊಂದು ಮದ್ದಳೆ ಕೊಂಡೆವು.

ಭಾನುವಾರ ಆರಾಧನೆಯ ನಂತರ ಯುವಜನ ಸಂಘದ ಕೂಟವಿರುತ್ತದೆ. ಹದಿನೈದು ಇಪ್ಪತ್ತು ಮಂದಿ ಸೇರಿ ಸತ್ಯವೇದದ ಒಂದು ಭಾಗವನ್ನು ಓದುತ್ತೇವೆ, ಕ್ವಿಜ್ ನಡೆಸುತ್ತೇವೆ, ಬೆಳೆಯ ಹಬ್ಬದ ಏಲಕ್ಕೆ ಬೇಕಾದ ತಯಾರಿ ಮಾಡುತ್ತೇವೆ. ತಿಂಗಳಿಗೊಮ್ಮೆ ಹಾಸಿಗೆ ಹಿಡಿದಿರುವ ಹಿರಿಯರ ಮನೆಗಳಿಗೆ ಹೋಗಿ ಎರಡೆರಡು ಹಾಡು ಹಾಡಿ ಬರುತ್ತೇವೆ. ಅವರಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಹಾಡು ಮುಗಿಯುವವರೆಗೂ ನನ್ನ ಮಣಿಕಟ್ಟು ಹಿಡಿದುಕೊಂಡಿರುತ್ತಾರೆ. ಆ ಕೂಟಗಳೆಂದರೆ ನನಗೆ ಬಹಳ ಇಷ್ಟ.

ದಸರಾ ರಜೆಯಲ್ಲಿ ಮೂರು ದಿನಗಳ ಯುವಜನ ಶಿಬಿರಕ್ಕೆ ಹೋಗಿದ್ದೆ. ಬೇರೆ ಬೇರೆ ಸಭೆಗಳಿಂದ ಎಂಬತ್ತರಷ್ಟು ಮಂದಿ ಬಂದಿದ್ದರು. ಮೊದಲ ಎರಡು ದಿನ ಹಾಡು, ಗುಂಪುಚರ್ಚೆ, ಆಟ, ರಾತ್ರಿ ಮಾತು ಮುಗಿಯದ ಹರಟೆ, ಎಲ್ಲವೂ ಚೆನ್ನಾಗಿತ್ತು. ಚರ್ಚೆಯ ವೇಳೆ ಒಬ್ಬ ಭಾಷಣಕಾರರೊಡನೆ ನನ್ನ ಮದ್ದಳೆಯ ವಿಚಾರ ಹೇಳಿದಾಗ ಅವರು, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆ ಆರಂಭವಾಗುವ ಕಲೆ ಅದು, ಎರಡು ದೋಣಿಯ ಮೇಲೆ ಕಾಲಿಡುವಂತಿಲ್ಲ, ಇಂದೇ ತೀರ್ಮಾನ ಮಾಡು ಎಂದರು. ಕೊನೆಯ ರಾತ್ರಿ ಬೆಂಕಿಯ ಸುತ್ತ ಎಲ್ಲರೂ ಕುಳಿತಿದ್ದಾಗ, ದೇವರಿಗಾಗಿ ಬಿಟ್ಟುಬಿಡುವ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕುವಂತೆ ಹೇಳಿದರು. ಹಾಡು ನಡೆಯುತ್ತಿತ್ತು, ಪಕ್ಕದಲ್ಲಿದ್ದವರು ಅಳುತ್ತಿದ್ದರು, ನಾನೂ ಅತ್ತೆ. ‘ಮದ್ದಳೆ’ ಎಂದು ಬರೆದು ಹಾಕಿದೆ. ಚೀಟಿಯ ಅಂಚು ಮೊದಲು ಕಪ್ಪಾಯಿತು. ಅಕ್ಷರಗಳು ಒಂದು ಕ್ಷಣ ಬೆಂಕಿಯೊಳಗಿಂದಲೇ ಓದಲು ಸಿಕ್ಕಿ, ಆಮೇಲೆ ಹೋದವು.

ಇಂದಿಗೆ ಹತ್ತೊಂಬತ್ತು ದಿನಗಳಾದವು. ಮದ್ದಳೆ ಬಟ್ಟೆ ಸುತ್ತಿಕೊಂಡು ಕಪಾಟಿನ ಮೇಲಿದೆ. ಶಿಬಿರದಿಂದ ಬಂದ ಮೊದಲ ವಾರ ಇದ್ದ ಸಂತೋಷ ಈಗಿಲ್ಲ. ಅಂದು ರಾತ್ರಿ ತಾನಾಗಿ ಹರಿಯುತ್ತಿದ್ದ ಪ್ರಾರ್ಥನೆ ಈಗ ನಾಲ್ಕು ವಾಕ್ಯಕ್ಕೆ ನಿಲ್ಲುತ್ತದೆ. ಹಾಗಾಗಿ ನನ್ನ ಪ್ರಶ್ನೆಗಳು ಎರಡು. ಆ ಸಂತೋಷ ಹೋಯಿತೆಂದರೆ ನನ್ನ ವಿಶ್ವಾಸವೇ ತಣ್ಣಗಾಯಿತು ಎಂದು ಅರ್ಥವೇ? ಮತ್ತೆ ಮದ್ದಳೆ ಮುಟ್ಟಿದರೆ ದೇವರಿಗೆ ಕೊಟ್ಟ ಮಾತಿಗೆ ತಪ್ಪಿದಂತಾಗುತ್ತದೆಯೇ?

ಉತ್ತರ 1: ಧಾರವಾಡದ ಸಂಡೇ ಸ್ಕೂಲ್ ಶಿಕ್ಷಕಿ

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ, ಬೇಸಿಗೆಯ ಮಕ್ಕಳ ಬೈಬಲ್ ಶಾಲೆಗಳಾದ ವಿಬಿಎಸ್‌ಗಳನ್ನೂ ಶಿಬಿರಗಳನ್ನೂ ನಡೆಸಿದ್ದೇನೆ. ಆ ಅನುಭವದಿಂದ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ.

ಶಿಬಿರದಲ್ಲಿ ನಿನಗೆ ಆದದ್ದು ಸುಳ್ಳಲ್ಲ. ಆದರೆ ಅಲ್ಲಿ ಬಸ್ಸಿರಲಿಲ್ಲ, ಟ್ಯೂಷನ್ ಇರಲಿಲ್ಲ, ಫೋನನ್ನು ಬಹುಶಃ ಮೊದಲೇ ಸಂಗ್ರಹಿಸಿ ಇಟ್ಟಿದ್ದರು, ನಿನ್ನ ವಯಸ್ಸಿನ ಎಂಬತ್ತು ಮಂದಿ ಒಂದೇ ಹಾಡನ್ನು ಒಂದೇ ಮನಸ್ಸಿನಿಂದ ಹಾಡುತ್ತಿದ್ದರು, ಮೂರನೆಯ ರಾತ್ರಿಯ ಹೊತ್ತಿಗೆ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಇಷ್ಟೆಲ್ಲ ಸೇರಿದಾಗ ಮನಸ್ಸು ತುಂಬಿ ಬರುವುದು ಸಹಜ, ಮನೆಗೆ ಬಂದ ಮೇಲೆ ಅದು ಇಳಿಯುವುದೂ ಸಹಜ. ಪ್ರತಿ ವರ್ಷ ಶಿಬಿರ ಮುಗಿದ ಎರಡನೆಯ ವಾರಕ್ಕೆ ನನ್ನ ಹತ್ತಿರ ಬಂದು ಇದೇ ಮಾತನ್ನು ಹೇಳುವ ಹುಡುಗಿಯರಿದ್ದಾರೆ. ಅವರಿಗೆ ನಾನು ಹೇಳುವುದೂ ಇಷ್ಟೇ: ಆ ನಾಲ್ಕು ವಾಕ್ಯಗಳ ಪ್ರಾರ್ಥನೆಯನ್ನು ಬಿಡಬೇಡಿ. ಸೋಮವಾರ ಆಯಾಸದಲ್ಲಿ ಹೇಳಿದ ನಾಲ್ಕು ವಾಕ್ಯ ಬೆಂಕಿಯ ಮುಂದೆ ಹೇಳಿದ್ದಕ್ಕಿಂತ ಕಡಿಮೆಯೆಂದು ನಾನಂತೂ ಎಣಿಸುವುದಿಲ್ಲ.

ಚೀಟಿಯ ಬಗ್ಗೆ ನನಗೆ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ. ಹದಿನಾರು ವರ್ಷದ ಮಗುವಿಗೆ ಮಧ್ಯರಾತ್ರಿಯಲ್ಲಿ, ಎಲ್ಲರೂ ಅಳುತ್ತಿರುವಾಗ, ಐದು ನಿಮಿಷದೊಳಗೆ ಜೀವನದ ನಿರ್ಧಾರವೊಂದನ್ನು ಬರೆಯಲು ಹೇಳುವುದು ಸರಿಯಲ್ಲ. ನಾನೂ ಹಿಂದೊಮ್ಮೆ ಒಂದು ಶಿಬಿರದಲ್ಲಿ ಹೀಗೆ ಚೀಟಿ ಬರೆಸಿದ್ದೆ. ಒಬ್ಬ ಹುಡುಗಿ ತನ್ನ ಗೆಳತಿಯ ಹೆಸರನ್ನು ಬರೆದು ಹಾಕಿದ್ದಳೆಂದು ಆಮೇಲೆ ತಿಳಿಯಿತು. ಗೆಳತಿ ಬೇರೆ ಧರ್ಮದವಳು, ಅಷ್ಟೇ ಕಾರಣ. ಅಂದಿನಿಂದ ಆ ಕಾರ್ಯಕ್ರಮವನ್ನು ನಿಲ್ಲಿಸಿದ್ದೇನೆ. ನೀನು ಒಬ್ಬನೇ ಕುಳಿತು ತೀರ್ಮಾನಿಸಬೇಡ. ನಿನ್ನನ್ನು ಚಿಕ್ಕಂದಿನಿಂದ ಕಂಡಿರುವ ನಿಮ್ಮ ಸಭಾಪಾಲಕರೊಡನೆ, ಅಪ್ಪ ಅಮ್ಮನೊಡನೆ ಹಗಲು ಹೊತ್ತಿನಲ್ಲಿ ಮಾತನಾಡು. ನಿಜವಾಗಿ ಬಿಡಬೇಕಾದದ್ದಾದರೆ ಅವರ ಮುಂದೆಯೂ ಅದು ಹಾಗೆಯೇ ಕಾಣುತ್ತದೆ.

ಉತ್ತರ 2: ಬೆಂಗಳೂರಿನ ಯುವಜನ ಸಂಘದ ಕಾರ್ಯಕರ್ತ

ಅಕ್ಕನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಆ ಭಾಷಣಕಾರರು ಎತ್ತಿದ ವಿಷಯವನ್ನೇ ಬದಿಗೆ ಸರಿಸಬಾರದು. ಚೌಕಿಪೂಜೆ ಯಕ್ಷಗಾನದಲ್ಲಿ ಇರುವುದು ನಿಜ, ಮೇಳಗಳಲ್ಲಿ ಅನೇಕವು ದೇವಸ್ಥಾನಗಳ ಹೆಸರಿನಲ್ಲಿಯೇ ತಿರುಗಾಟ ಮಾಡುತ್ತವೆ, ಹರಕೆಯ ಆಟಗಳನ್ನು ಆಡುತ್ತವೆ. ಕಲಾವಿದರು ಅದನ್ನು ಸೇವೆಯೆಂದೇ ನಂಬಿ ಮಾಡುತ್ತಾರೆ. ಅವರ ನಂಬಿಕೆಗೆ ಗೌರವ ಕೊಡುವುದಾದರೆ, ಅದೆಲ್ಲ ಬರಿಯ ಮನರಂಜನೆ ಎಂದು ನಾವು ತೇಲಿಸಿಬಿಡುವಂತಿಲ್ಲ.

ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯವನ್ನು ತಮ್ಮ ನಿಧಾನವಾಗಿ ಓದಬೇಕು. ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ತಿನ್ನಬಹುದೇ ಎಂಬ ಪ್ರಶ್ನೆಗೆ ಅವನು ತಿನ್ನಬಾರದು ಎಂದೂ ಹೇಳುವುದಿಲ್ಲ, ಏನೂ ತೊಂದರೆಯಿಲ್ಲ ಎಂದು ಸುಮ್ಮನಾಗುವುದೂ ಇಲ್ಲ. ಆಹಾರ ತನ್ನಷ್ಟಕ್ಕೆ ನಮ್ಮನ್ನು ದೇವರ ಹತ್ತಿರ ಒಯ್ಯುವುದೂ ಇಲ್ಲ, ದೂರ ಮಾಡುವುದೂ ಇಲ್ಲ ಎಂದು ಹೇಳಿ, ನಿನ್ನ ಸ್ವಾತಂತ್ರ್ಯದಿಂದ ಮನಸ್ಸಾಕ್ಷಿ ಬಲವಿಲ್ಲದ ಸಹೋದರನು ಎಡವದಂತೆ ನೋಡಿಕೋ ಎನ್ನುತ್ತಾನೆ. ನಮ್ಮ ಸಭೆಯಲ್ಲಿ ಬೇರೆ ಹಿನ್ನೆಲೆಯಿಂದ ಹೊಸದಾಗಿ ವಿಶ್ವಾಸಕ್ಕೆ ಬಂದ ಒಂದು ಕುಟುಂಬವಿದೆ. ಅವರಿಗೆ ಚಂಡೆಯ ಸದ್ದು ಕೇಳಿದರೇ ತಾವು ಬಿಟ್ಟುಬಂದ ಬದುಕು ನೆನಪಾಗುತ್ತದೆ. ಅಂಥವರ ಕಷ್ಟವೂ ನಿಜ.

ಹಾಗೆಂದು ಮದ್ದಳೆಯನ್ನು ಸುಡು ಎಂದು ನಾನು ಹೇಳುತ್ತಿಲ್ಲ. ವಾದ್ಯ ಬೇರೆ, ಅದನ್ನು ನುಡಿಸುವ ಸಂದರ್ಭ ಬೇರೆ. ನೀನು ಕಲಿಯುವುದನ್ನು ಮುಂದುವರಿಸಿ, ಯಾವ ಸಂದರ್ಭದಲ್ಲಿ ನಿನ್ನ ಮನಸ್ಸಾಕ್ಷಿ ತಡೆಯುತ್ತದೆಯೋ ಅಲ್ಲಿ ಗುರುಗಳಿಗೆ ಮುಂಚಿತವಾಗಿ, ಮರ್ಯಾದೆಯಿಂದ, ಕಾರಣ ಸಮೇತ ಹೇಳಬಹುದು.

ಉತ್ತರ 3: ಮಂಗಳೂರಿನ ನಿವೃತ್ತ ಉಪನ್ಯಾಸಕ

ನಾನು ಕಥೋಲಿಕ, ಕೊಂಕಣಿ ಮಾತನಾಡುವ ಮನೆಯವನು. ಆದರೂ ಬಾಸೆಲ್ ಮಿಶನ್ನಿನ ಇತಿಹಾಸವನ್ನು ಮೂವತ್ತು ವರ್ಷ ಓದಿದವನಾಗಿ ಈ ಹುಡುಗನಿಗೆ ಅವನ ಸಭೆಯ ಹಿರಿಯರ ಕುರಿತು ಸ್ವಲ್ಪ ಹೇಳಬೇಕೆನಿಸಿತು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳ ಹಿಂದೆಯೇ ಬಂದ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಅದೇ ಮೋಗ್ಲಿಂಗ್ ಅವರು ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರೆಂಬುದನ್ನು ನಮ್ಮ ಯುವಜನರಿಗೆ ಹೇಳುವವರು ಕಡಿಮೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಇಲ್ಲಿಯ ಛಂದಸ್ಸಿನಲ್ಲಿಯೇ ಪದ್ಯವಾಗಿ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. 1894ರ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು ಇಷ್ಟೆಲ್ಲ ಆದ ಮೇಲೆ. ಈ ನಾಡಿನ ಲಯವನ್ನು ಕಲಿಯುವುದು ತಮ್ಮ ವಿಶ್ವಾಸಕ್ಕೆ ಕುಂದು ಎಂದು ಅವರು ಎಣಿಸಲಿಲ್ಲ. ಯಕ್ಷಗಾನದ ಪದಗಳೂ ಛಂದಸ್ಸಿನ ಮೇಲೆಯೇ ನಿಂತಿವೆ, ಮದ್ದಳೆ ಕಲಿತವನ ಕೈಗೆ ಅದು ಪುಸ್ತಕವಿಲ್ಲದೆಯೇ ತಿಳಿದಿರುತ್ತದೆ. ಯೇಸುವಿನ ಜೀವನವನ್ನು ಯಕ್ಷಗಾನ ಪ್ರಸಂಗವಾಗಿ ಆಡಿದ್ದೂ ನಮ್ಮ ಕರಾವಳಿಯಲ್ಲಿಯೇ.

ನಮ್ಮ ಮನೆಗಳಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ ನಡೆಯುವಾಗ ಗುಮಟೆ ಬಾರಿಸಿ ಹಾಡುವ ಪದ್ಧತಿಯಿದೆ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಆ ವಾದ್ಯವನ್ನು ನನ್ನ ಅಜ್ಜ ಒಲೆಯ ಹತ್ತಿರ ಹಿಡಿದು, ಚರ್ಮ ಬಿಗಿಯಾದದ್ದನ್ನು ಉಗುರಿನಿಂದ ತಟ್ಟಿ ಪರೀಕ್ಷಿಸಿ, ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡು ಆಮೇಲೆ ನುಡಿಸುತ್ತಿದ್ದರು. ಆ ದೃಶ್ಯ ಈಗಲೂ ಕಣ್ಣ ಮುಂದಿದೆ.

ಹವ್ಯಾಸದ ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಇಟಲಿಯ ಕಾರ್ಲೊ ಅಕ್ಯುಟಿಸ್ 2006ರಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದೇ ವರ್ಷ. ಕಂಪ್ಯೂಟರ್ ಅವನ ಹುಚ್ಚು, ವಿಡಿಯೊ ಗೇಮ್ ಅವನ ಪ್ರೀತಿಯ ಆಟ. ಅವನು ಆಟವನ್ನು ಪೂರ್ತಿ ಬಿಡದೆ ವಾರಕ್ಕೆ ಒಂದು ಗಂಟೆಯ ಮಿತಿ ಹಾಕಿಕೊಂಡಿದ್ದ. ಕಂಪ್ಯೂಟರಿನಲ್ಲಿ ತನಗಿದ್ದ ಜಾಣ್ಮೆಯನ್ನು ವಿಶ್ವಾಸದ ಕೆಲಸಕ್ಕೂ ಬಳಸಿದ. ಬಿಡುವುದು ಅಥವಾ ಹಿಡಿಯುವುದು ಎಂಬ ಎರಡೇ ದಾರಿಗಳಿವೆ ಎಂದು ನಿನಗೆ ಯಾರಾದರೂ ಹೇಳಿದ್ದರೆ, ಮಗು, ಅದು ಪೂರ್ತಿ ಲೆಕ್ಕವಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿಯಿಂದ

ಉತ್ತರಿಸಿದ ಎಲ್ಲ ಹಿರಿಯರಿಗೂ ಧನ್ಯವಾದಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ, ನಡುವೆ ಪರೀಕ್ಷೆಯಿತ್ತು.

ಶಿಕ್ಷಕಿಯವರು ಹೇಳಿದಂತೆ ಮೊದಲು ಅಮ್ಮನಿಗೆ ಚೀಟಿಯ ವಿಷಯ ತಿಳಿಸಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, ಸಂಜೆ ಮನೆ ಇಷ್ಟು ಸುಮ್ಮನಿರುವುದು ಯಾಕೆಂದು ಅಪ್ಪ ಕೇಳುತ್ತಲೇ ಇದ್ದರು ಎಂದರು. ಸಭಾಪಾಲಕರು ನನಗೆ ಹೌದು ಅಥವಾ ಇಲ್ಲ ಎಂದು ಹೇಳಲಿಲ್ಲ. ಆ ರಾತ್ರಿ ನೀನು ದೇವರಿಗೆ ಕೊಡಲು ಬಯಸಿದ್ದು ಮದ್ದಳೆಯನ್ನೋ, ನಿನ್ನನ್ನೋ ಎಂದು ಕೇಳಿದರು. ನನ್ನನ್ನೇ ಎಂದೆ. ಹಾಗಾದರೆ ಆ ಮಾತು ಇನ್ನೂ ಇದೆ, ಅದಕ್ಕೆ ನೀನು ತಪ್ಪಿಲ್ಲ ಎಂದರು. ಆದರೆ ಪೌಲನ ಆ ಅಧ್ಯಾಯವನ್ನು ಅವರೂ ಓದಿಸಿದರು. ನಮ್ಮ ಸಭೆಯಲ್ಲಿ ಯಾರಿಗೆ ಇದು ಕಷ್ಟವಾಗಬಹುದು ಎಂದು ಯೋಚಿಸಲು ಹೇಳಿದರು, ಅದನ್ನು ಇನ್ನೂ ಯೋಚಿಸುತ್ತಿದ್ದೇನೆ.

ಶನಿವಾರ ಗುರುಗಳ ಮನೆಗೆ ಹೋಗಿ, ಇಷ್ಟು ದಿನ ಬಾರದಿದ್ದಕ್ಕೆ ಕಾರಣ ತಿಳಿಸಿದೆ. ಚೌಕಿಯಲ್ಲಿ ಪೂಜೆಯ ವೇಳೆಗೆ ನಾನು ನಿಲ್ಲಲಾರೆ ಎಂದು ಹೇಳುವಾಗ ಅವರಿಗೆ ನೋವಾಗುತ್ತದೆಯೇನೋ ಎಂದು ಬಹಳ ಹೆದರಿದ್ದೆ. ಅವರು ಸ್ವಲ್ಪ ಯೋಚಿಸಿ, ಸದ್ಯಕ್ಕೆ ಪ್ರದರ್ಶನ ಬೇಡ, ತರಗತಿಗೆ ಬಾ, ಒಂದು ವರ್ಷ ಕಲಿ, ಆಮೇಲೆ ನೋಡೋಣ ಎಂದರು. ಡಿಸೆಂಬರಿನ ಪ್ರದರ್ಶನದಲ್ಲಿ ನನ್ನ ಜಾಗಕ್ಕೆ ಬೇರೆಯವನು ಕೂರುತ್ತಾನೆ. ಅದು ನನಗೆ ಬೇಸರದ ಸಂಗತಿಯೇ, ಆದರೂ ಒಪ್ಪಿಕೊಂಡು ಬಂದಿದ್ದೇನೆ.

ಮನೆಗೆ ಬಂದು ಕಪಾಟಿನಿಂದ ಮದ್ದಳೆ ಇಳಿಸಿದೆ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿದಿತ್ತು. ಬಿಸಿಲಿಗೆ ಇಟ್ಟು, ಸಂಜೆ ಬಿಗಿಗೊಳಿಸಿ ಏಕತಾಳದಿಂದ ಮತ್ತೆ ಶುರುಮಾಡಿದೆ. ಬೆರಳ ತುದಿಯಲ್ಲಿದ್ದ ಗಟ್ಟಿ ಚರ್ಮ ಹೋಗಿ ಮೆತ್ತಗಾಗಿರುವುದರಿಂದ ಹತ್ತು ನಿಮಿಷಕ್ಕೇ ಉರಿ ಬಂತು.

ಈಗ ಯುವಜನ ಸಂಘದಲ್ಲಿ ಕ್ರಿಸ್ಮಸ್ ಕ್ಯಾರಲ್ಸ್‌ಗೆ ಗಿಟಾರಿನ ಜೊತೆ ಮದ್ದಳೆಯನ್ನೂ ತರಬಹುದೇ ಎಂದು ಸ್ನೇಹಿತರು ಕೇಳಿದ್ದಾರೆ. ಹಾಡುಗಳಲ್ಲಿ ಎರಡು ಹಾಡು ಮೂರೆಣಿಕೆಯ (3/4) ತಾಳದ ನಡೆಯವು, ಅವಕ್ಕೆ ಯಾವ ಠೇಕಾ (ತಾಳದ ಮೂಲ ಬಡಿತ) ಹೊಂದುತ್ತದೆಂದು ತಿಳಿದವರಿದ್ದರೆ ದಯವಿಟ್ಟು ಬರೆಯಿರಿ. ಕಣ್ಣು ಕಾಣದ ಆ ಅಜ್ಜಿಯ ಮನೆಗೆ ಹೋದಾಗ ಮಾತ್ರ ನಾನು ನುಡಿಸುವುದಿಲ್ಲ, ಅವರಿಗೆ ಹಿಡಿದುಕೊಳ್ಳಲು ಕೈ ಬೇಕಾಗುತ್ತದೆ.