ತಣ್ಣನೆಯ ಕಡಲಲ್ಲಿ ನಿಂತು ಗಾಳ ಹಾಕಲು ವೆಟ್‌ಸೂಟ್ ಒಳ್ಳೆಯದೋ, ವೇಡರ್ ಒಳ್ಳೆಯದೋ?

ಪ್ರಶ್ನೆ (ಗಂಗಾವತಿ, ಕೊಪ್ಪಳ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಪೆಸಿಫಿಕಾದಲ್ಲಿರುವ ಅಣ್ಣನ ಮನೆಗೆ ಹೋಗಿ ಒಂದು ತಿಂಗಳು ಇರಲಿದ್ದೇನೆ. ಅವನು ರಜೆಯ ದಿನ ನಸುಕಿನಲ್ಲಿಯೇ ಕಡಲತಡಿಗೆ ಹೋಗಿ, ಅಲೆ ಒಡೆಯುವಲ್ಲಿ ನಿಂತು ಸರ್ಫ್ ಪರ್ಚ್ ಮೀನಿಗೆ ಗಾಳ ಹಾಕುತ್ತಾನೆ. ಅವನಲ್ಲಿ ಎದೆಮಟ್ಟದ ಹಳೆಯ ವೇಡರ್ (ಪಾದದಿಂದ ಮೇಲಕ್ಕೆ ತೊಡುವ, ನೀರು ಒಳಬಿಡದ ಉಡುಪು) ಒಂದು ಹೆಚ್ಚಿಗೆ ಇದೆ, ಆದರೆ ಅದಕ್ಕೆ ಸೊಂಟದ ಬೆಲ್ಟ್ ಇಲ್ಲ. ಅವನ ಗೆಳೆಯರಲ್ಲಿ ಕೆಲವರು ವೆಟ್‌ಸೂಟ್ (ಮೈಗೆ ಅಂಟಿಕೊಳ್ಳುವ ರಬ್ಬರಿನ ಉಡುಪು) ತೊಡುತ್ತಾರಂತೆ. ನಾನು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತವನು, ಹೊಳೆಯನ್ನೂ ಈಜಿ ದಾಟಿದ್ದೇನೆ, ಹಾಗಾಗಿ ನೀರಿನ ಭಯವಿಲ್ಲ. ಆದರೆ ಅಲ್ಲಿನ ನೀರು ಆಗ 12ರಿಂದ 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂದು ಅಣ್ಣ ಹೇಳಿದ ಮೇಲೆ ಯೋಚನೆ ಹತ್ತಿದೆ. ಎರಡರಲ್ಲಿ ಯಾವುದು ಕ್ಷೇಮ?

ಉತ್ತರ 1 (ರಾಯಚೂರು)

ನಾನು ಆ ಕರಾವಳಿಯಲ್ಲಿ ಆರು ವರ್ಷ ಕೆಲಸದಲ್ಲಿದ್ದೆ. ಎರಡನ್ನೂ ತೊಟ್ಟು ಗಾಳ ಹಾಕಿದ್ದೇನೆ. ಬೆಲೆ, ಬ್ರ್ಯಾಂಡ್ ನೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನೀವು ನಿಲ್ಲುವ ಜಾಗದಲ್ಲಿ ಅಲೆ ನಿಮ್ಮನ್ನು ಕೆಡವಿದರೆ ಈಜಬೇಕಾಗುತ್ತದೆಯೇ? ಆಗುತ್ತದೆ ಎಂದಾದರೆ ವೆಟ್‌ಸೂಟ್ ಬೇಕು. ನೀರು ಮೊಣಕಾಲಿನ ಮೇಲೆ ಏರದ, ಇಳಿಜಾರು ಕಡಿಮೆಯಿರುವ ಮರಳ ದಡದಲ್ಲಿ ಮಾತ್ರ ನಿಲ್ಲುವುದಾದರೆ ವೇಡರ್ ಸಾಕು; ಅದೂ ಬೆಲ್ಟ್ ಬಿಗಿದಿದ್ದರೆ ಮಾತ್ರ.

ಬೆಲ್ಟಿನ ಮಾತನ್ನು ನನ್ನ ಅನುಭವದಿಂದ ಹೇಳುತ್ತೇನೆ. ಮೊದಲ ವರ್ಷ ನಾನೂ ಬೆಲ್ಟ್ ಇಲ್ಲದೆ ಇಳಿದಿದ್ದೆ. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಸರಸರನೆ ಜಾರಿಹೋಗಿ ನಾನು ಹಿಂದಕ್ಕೆ ಕುಳಿತುಬಿಟ್ಟೆ. ಮುಂದಿನ ಅಲೆ ಎದೆಯ ಬಾಯಿಯಿಂದ ನೇರವಾಗಿ ಒಳಗೆ ನುಗ್ಗಿತು. ವೇಡರ್ ತುಂಬಿದರೆ ಮನುಷ್ಯನನ್ನು ತಳಕ್ಕೆ ಎಳೆಯುತ್ತದೆ ಎಂಬ ಮಾತು ನಿಜವಲ್ಲ, ಏಕೆಂದರೆ ನೀರಿನೊಳಗೆ ನೀರಿಗೆ ಭಾರವಿಲ್ಲ. ಕಷ್ಟ ಶುರುವಾಗುವುದು ಎದ್ದು ನಿಂತು ದಡಕ್ಕೆ ನಡೆಯುವಾಗ. ನಾಟಿಗೆ ಹದಮಾಡಿದ ಗದ್ದೆಯ ಕೆಸರಿನಿಂದ ಕಾಲು ಕಿತ್ತಿಡುವಂತೆ ಒಂದೊಂದು ಹೆಜ್ಜೆಯನ್ನೂ ಕಿತ್ತಿಡಬೇಕಾಯಿತು. ಹದಿನೈದು ಹೆಜ್ಜೆ ದೂರದ ದಡ ಮುಟ್ಟುವುದರೊಳಗೆ ಮತ್ತೆರಡು ಅಲೆಗಳು ನನ್ನನ್ನು ಕೆಡವಿದವು. ಸೊಂಟಕ್ಕೆ ಬಿಗಿಯಾದ ಬೆಲ್ಟ್ ಇದ್ದಿದ್ದರೆ, ಅದರ ಮೇಲೊಂದು ಜಲನಿರೋಧಕ ಜಾಕೆಟ್ ಹಾಕಿದ್ದಿದ್ದರೆ, ಅಷ್ಟು ನೀರು ಅಷ್ಟು ಬೇಗ ಕಾಲಿನವರೆಗೆ ಇಳಿಯುತ್ತಿರಲಿಲ್ಲ.

ವೆಟ್‌ಸೂಟಿನ ನಿಯೋಪ್ರೀನ್ ರಬ್ಬರಿನಲ್ಲಿ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿರುವುದರಿಂದ ಅದು ಚಳಿ ತಡೆಯುವುದಲ್ಲದೆ ದೇಹವನ್ನು ತೇಲಿಸಲೂ ನೆರವಾಗುತ್ತದೆ. ಒಳಗೆ ಸೇರುವ ತೆಳುವಾದ ನೀರನ್ನು ಮೈ ಬಿಸಿಯೇ ಬೆಚ್ಚಗಾಗಿಸುತ್ತದೆ. ಆದರೆ ಸೂಟ್ ಸಡಿಲವಾಗಿದ್ದರೆ ಪ್ರತಿ ಅಲೆಗೂ ಬೆಚ್ಚಗಿನ ನೀರು ಹೊರಹೋಗಿ ತಣ್ಣೀರು ಬರುತ್ತದೆ, ಆಗ ಎಷ್ಟು ದಪ್ಪದ್ದಾದರೂ ಪ್ರಯೋಜನವಿಲ್ಲ. ತೊಟ್ಟು ನೋಡುವಾಗ ನಡುಬೆನ್ನಿನ ಕುಳಿಯಲ್ಲೂ ಕಂಕುಳಲ್ಲೂ ಬಟ್ಟೆ ಮೈಗೆ ಅಂಟಿರಬೇಕು. ನೀವು ಹೇಳಿದ ನೀರಿಗೆ 4/3 ಎನ್ನುವ ಅಳತೆಯದ್ದು, ಅಂದರೆ ಮುಂಡಕ್ಕೆ 4 ಮಿಲಿಮೀಟರ್ ಮತ್ತು ಕೈಕಾಲಿಗೆ 3 ಮಿಲಿಮೀಟರ್ ದಪ್ಪವಿರುವುದು, ಸಾಮಾನ್ಯವಾಗಿ ಸಾಕು. ಚಳಿ ಬೇಗ ಹತ್ತುವವರು 5/4 ತೊಡುತ್ತಾರೆ. ಕಾಲಿಗೆ ನಿಯೋಪ್ರೀನ್ ಬೂಟು ಬೇಕೇ ಬೇಕು.

ಇನ್ನೊಂದು ವಿಷಯ. ಸರ್ಫ್ ಪರ್ಚ್ ಮೀನು ಹೆಚ್ಚಾಗಿ ದಡದ ಹತ್ತಿರವೇ, ಮೊದಲ ಅಲೆ ಒಡೆಯುವ ಆಚೀಚಿನ ತಗ್ಗಿನಲ್ಲಿ ಮೇಯುತ್ತದೆ. ಆಳಕ್ಕೆ ಇಳಿದಷ್ಟೂ ಹೆಚ್ಚು ಮೀನು ಸಿಗುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಎಷ್ಟೋ ಸಲ ಅವರು ಮೀನನ್ನು ಬೆನ್ನ ಹಿಂದೆ ಬಿಟ್ಟು ಮುಂದೆ ಹೋಗಿರುತ್ತಾರೆ.

ಉತ್ತರ 2 (ಬಳ್ಳಾರಿ)

ನಾನು ವೈದ್ಯೆ. ಪ್ರಶ್ನೆ ಕೇಳಿದವರು "ನೀರಿನ ಭಯವಿಲ್ಲ" ಎಂದು ಬರೆದಿರುವುದನ್ನು ಓದಿ ಈ ಉತ್ತರ ಬರೆಯುತ್ತಿದ್ದೇನೆ. ನಮ್ಮ ಹೊಳೆ, ಕಾಲುವೆಗಳ ಈಜು ಬೆಚ್ಚಗಿನ ನೀರಿನ ಈಜು. ತಣ್ಣೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕಿಂತ ಮೊದಲು ಬರುವ ಅಪಾಯವೆಂದರೆ ತಣ್ಣೀರಿನ ಆಘಾತ: ಬಿದ್ದ ಕೂಡಲೇ ನಮ್ಮ ಹಿಡಿತಕ್ಕೆ ಸಿಗದಂತೆ ದೊಡ್ಡ ಉಸಿರು ಒಳಗೆಳೆಯುತ್ತದೆ, ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಒಳ್ಳೆಯ ಈಜುಗಾರನೂ ಮುಳುಗುತ್ತಾನೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು 1-10-1 ಎಂಬ ಸೂತ್ರವಾಗಿ ಕಲಿಸುತ್ತಾರೆ. ಅತಿ ತಣ್ಣನೆಯ ನೀರಿನಲ್ಲಿ ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ದೇಹದ ಬಿಸಿ ಕುಸಿದು ಎಚ್ಚರ ತಪ್ಪಲು ಸುಮಾರು 1 ಗಂಟೆ. ವೇಡರ್ ತೊಟ್ಟವರಿಗೂ ವೆಟ್‌ಸೂಟ್ ತೊಟ್ಟವರಿಗೂ ನನ್ನ ಸಲಹೆ ಒಂದೇ: ಮೇಲೆ ಲೈಫ್ ಜಾಕೆಟ್ ಇರಲಿ. ವೆಟ್‌ಸೂಟ್ ತೇಲಿಸುತ್ತದೆ ನಿಜ, ಆದರೆ ಎಚ್ಚರ ತಪ್ಪಿದವನ ಮುಖವನ್ನು ಅದು ನೀರಿನ ಮೇಲೆ ಹಿಡಿಯುವುದಿಲ್ಲ.

ಉತ್ತರ 3 (ಮುನಿರಾಬಾದ್)

ರಾಯಚೂರಿನವರ ಮಾತಿಗೆ ಒಂದು ಸೇರಿಕೆ. ನೆನೆದ ವೆಟ್‌ಸೂಟಿನಲ್ಲಿ ಗಾಳಿಗೆ ಎರಡು ಮೂರು ಗಂಟೆ ಸುಮ್ಮನೆ ನಿಂತರೆ ಚಳಿ ಹತ್ತುತ್ತದೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ವೇಡರ್ ಕೊಳ್ಳುವುದಾದರೆ ಬೂಟು ಕೂಡಿಯೇ ಇರುವುದನ್ನು ನೋಡಿ. ಬೇರೆ ಬೂಟಿನೊಳಗೆ ಮರಳು ಸೇರಿ ಕಾಲು ಉಜ್ಜುತ್ತದೆ. ಅಣ್ಣನ ಹಳೆಯ ವೇಡರನ್ನು ಕತ್ತಲ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ತೂತುಗಳು ಚುಕ್ಕಿಗಳಂತೆ ಕಾಣುತ್ತವೆ. ಆ ಕರಾವಳಿಯಲ್ಲಿ ಚಳಿಗಾಲದಲ್ಲಿ ಸೂಚನೆಯಿಲ್ಲದೆ ಬಹಳ ದೂರ ಏರಿಬರುವ ಅಲೆಗಳಿವೆ. ನೀರಿಗಿಳಿಯುವ ಮುನ್ನ ಇಪ್ಪತ್ತು ನಿಮಿಷ ದಡದಲ್ಲೇ ನಿಂತು ಅಲೆಯನ್ನು ನೋಡಿ, ಮೀನು ಬಿಡಿಸುವಾಗಲೂ ಕಡಲಿಗೆ ಬೆನ್ನು ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಣ್ಣ ಟಾರ್ಚ್ ಬಿಟ್ಟು ನೋಡಿದ, ಎಡಮೊಣಕಾಲಿನ ಹೊಲಿಗೆಯಲ್ಲಿ ಐದು ಚುಕ್ಕಿಗಳು ಕಂಡವಂತೆ. ಅದನ್ನು ಬದಿಗಿಟ್ಟು, ಒಂದು ತಿಂಗಳಿಗಾಗಿ ಕೊಳ್ಳುವ ಬದಲು 4/3 ವೆಟ್‌ಸೂಟ್ ಮತ್ತು ಬೂಟನ್ನು ಅಲ್ಲಿನ ಸರ್ಫಿಂಗ್ ಅಂಗಡಿಯಲ್ಲಿ ಬಾಡಿಗೆಗೆ ಪಡೆಯುವುದೆಂದು ತೀರ್ಮಾನಿಸಿದ್ದೇವೆ. ಲೈಫ್ ಜಾಕೆಟ್ ಇಬ್ಬರಿಗೂ ತರಲು ಹೇಳಿದ್ದೇನೆ; ಅವನೂ ಇದುವರೆಗೆ ತೊಟ್ಟವನಲ್ಲ.