ವಿಕಿರಣದ ಚಾರ್ಟಿಗೆ ಯಾವ ಕೋಡ್? ಕೋಡಿಂಗ್‌ನಲ್ಲಿ ಇರುವವರು ಅನುಭವ ಹೇಳಿ

ವಿದ್ಯಾನಗರದ ಹುಡುಗಿ: ಬಿ.ಎಸ್ಸಿ. ಮುಗಿಸಿ ದಾವಣಗೆರೆಯಲ್ಲೇ ಮೆಡಿಕಲ್ ಕೋಡಿಂಗ್ (ರೋಗಿಯ ದಾಖಲೆ, ಅಂದರೆ ಚಾರ್ಟ್ ಓದಿ ರೋಗಕ್ಕೂ ಕಾರಣಕ್ಕೂ ಪುಸ್ತಕದ ಕೋಡ್ ಹಾಕುವ ಕೆಲಸ) ಕಲಿಯುತ್ತಿದ್ದೇನೆ. ಅಭ್ಯಾಸದ ಚಾರ್ಟಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಒಬ್ಬರ ವಿಕಿರಣ ಅಳೆಯುವ ಬ್ಯಾಡ್ಜ್ ಹೆಚ್ಚು ಡೋಸ್ ತೋರಿಸಿದೆ, ರೋಗಲಕ್ಷಣ ಏನೂ ಇಲ್ಲ. ಝಡ್57.1 (ಕೆಲಸದಲ್ಲಿ ವಿಕಿರಣ ತಗುಲಿದ್ದು) ಹಾಕುವುದೋ, ಡಬ್ಲ್ಯೂ88.0 (ಎಕ್ಸ್‌ರೇ ತಗುಲಿದ್ದು, ಅಪಘಾತದಂಥ ಹೊರಗಿನ ಕಾರಣಗಳ ಸಾಲಿನದು) ಹಾಕುವುದೋ? ಸಿಪಿಸಿ (ಕೋಡರ್ ಪ್ರಮಾಣಪತ್ರ) ಪರೀಕ್ಷೆಗೆ ಹಣ ಕಟ್ಟಬಹುದೇ?

ಪಿ.ಜೆ. ಬಡಾವಣೆ: ಮೊದಲು ಖರ್ಚು ಕೇಳಿ. ತರಬೇತಿಗೆ 42,000. ಕೋಡ್ ಪುಸ್ತಕ ಪ್ರತಿ ಅಕ್ಟೋಬರ್ 1ಕ್ಕೆ ಹಳತಾಗುತ್ತದೆ, ಹೊಸದಕ್ಕೆ ಮತ್ತೆ ಹಣ. ಮನೆಯಿಂದಲೇ ಕೆಲಸ ಎಂದರು. ಕರೆಂಟ್ ಹೋದರೆ ಚಾರ್ಟ್ ಅರ್ಧಕ್ಕೇ ನಿಲ್ಲುತ್ತದೆಂದು ಇನ್ವರ್ಟರ್‌ಗೆ 23,500. ಇಷ್ಟಾದ ಮೇಲೆ ಸಿಕ್ಕಿದ್ದು ರೇಡಿಯೋಥೆರಪಿ ಚಾರ್ಟುಗಳು. ಚಿಕಿತ್ಸೆ ಪಡೆದವರೊಬ್ಬರ ಎದೆಯ ಚರ್ಮ ಕೆಂಪಾಗಿ ಸುಲಿದಿತ್ತು. ವಿಕಿರಣದಿಂದ ಆದ ಚರ್ಮದ ಉರಿಯೂತಕ್ಕೆ ಎಲ್58.0 ಬರೆದು ಕಾರಣಕ್ಕೆ ವೈ84.2 ಕೊಟ್ಟೆ. ನಮ್ಮ ಕೋಡ್ ಪರಿಶೀಲಿಸುವ ಆಡಿಟರ್ ಡಬ್ಲ್ಯೂ88 ಎಲ್ಲಿ ಎಂದು ಅಂಕ ಕತ್ತರಿಸಿದ. ವೈದ್ಯರು ಬರೆದುಕೊಟ್ಟ ಚಿಕಿತ್ಸೆ ಅಪಘಾತವೇ? ಗುಣಮಟ್ಟ ಶೇಕಡಾ 95ಕ್ಕಿಂತ ಇಳಿಯಿತೆಂದು ಪ್ರೋತ್ಸಾಹಧನ 2,800 ರೂಪಾಯಿಯೂ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದುರ್ಗದವನು: ಎಲ್58ರ ಕೆಳಗಿನ ಸೂಚನೆ ಓದಿ ಮೇಡಂ. ವಿಕಿರಣದ ಮೂಲ ತಿಳಿಸಲು ಡಬ್ಲ್ಯೂ88 ಅಥವಾ ಡಬ್ಲ್ಯೂ90 (ಬೇರೆ ಬಗೆಯ ವಿಕಿರಣ) ಸೇರಿಸಿ ಎಂದು ಅಚ್ಚಾಗಿದೆ, ಆಡಿಟರ್ ಮನೆಯಿಂದ ತಂದದ್ದಲ್ಲ. ನಾನು ಚಿತ್ರದುರ್ಗದ ಎಕ್ಸ್‌ರೇ ಕೋಣೆಯಲ್ಲಿ ದುಡಿದು ಕೋಡಿಂಗ್‌ಗೆ ಬಂದವನು. ಮೂರು ತಿಂಗಳಿಗೊಮ್ಮೆ ಟಿಎಲ್‌ಡಿ ಬ್ಯಾಡ್ಜ್ (ಡೋಸ್ ಅಳೆಯುವ ಅದೇ ಬ್ಯಾಡ್ಜ್) ಪರೀಕ್ಷೆಗೆ ಹೋಗುತ್ತಿತ್ತು. ಕೆಲಸದವರ ಡೋಸ್ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಡೋಸಿನ ಅಳತೆ) ದಾಟಬಾರದು, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಸೀಸದ ಏಪ್ರನ್ ಬಿರುಕು ಬಿಟ್ಟಿದೆ ಎಂದರೆ ಯಜಮಾನರು ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಕೊನೆಗೆ ಕೈಯಿಂದ 9,000 ಹಾಕಿ ನಾನೇ ತಂದೆ. ಕೆಲಸ ಬಿಟ್ಟಾಗ ಅದನ್ನೂ ಇಟ್ಟುಕೊಂಡರು! ಆ ಕೋಣೆಯ ಬಾಗಿಲು ನೋಡದವರೆಲ್ಲ ಈಗ ವಿಕಿರಣದ ಪಂಡಿತರು.

ಪಿ.ಜೆ. ಬಡಾವಣೆ: ಹಾಗಾದರೆ ವೈ84.2 ಇರುವುದು ಯಾತಕ್ಕೆ ಸ್ವಾಮಿ? ವಿಕಿರಣ ಚಿಕಿತ್ಸೆಯ ನಂತರದ ತೊಂದರೆಗೆಂದೇ ಅಲ್ಲವೇ? ನಿಮ್ಮ ಏಪ್ರನ್ ಪುರಾಣವನ್ನು ಯಾರು ಕೇಳಿದರು?

ಬೆಂಗಳೂರು ಬಿಟ್ಟವನು: ಹುಡುಗಿಯ ಪ್ರಶ್ನೆ ಗಾಳಿಗೆ ಹೋಯಿತು. ಕೆಲಸದ ಜಾಗದಲ್ಲಿ ವಿಕಿರಣ ತಗುಲಿ, ಲಕ್ಷಣ ಇಲ್ಲದಿದ್ದರೆ ಝಡ್57.1. ಡಬ್ಲ್ಯೂ ಸಾಲಿನ ಕೋಡ್ ಎಂದೂ ಮೊದಲು ಬರುವುದಿಲ್ಲ. ಇನ್ನು ಸಿಪಿಸಿ: ನೂರು ಪ್ರಶ್ನೆ, ನಾಲ್ಕು ಗಂಟೆ, ಪುಸ್ತಕ ನೋಡಿಕೊಂಡೇ ಬರೆಯಬಹುದು. ಪಾಸಾದರೂ ಅನುಭವ ಇಲ್ಲದವರ ಹೆಸರಿಗೆ ಅಪ್ರೆಂಟಿಸ್ ಬಾಲ ಅಂಟಿಕೊಳ್ಳುತ್ತದೆ. ನನಗೆ ಆ ಬಾಲದ ಜೊತೆಗೆ ಪಿ.ಜಿ. ಬಾಡಿಗೆ 9,500. ಖಾಲಿ ಮಾಡುವಾಗ ಬಣ್ಣ ಬಳಿಯುವ ನೆಪದಲ್ಲಿ ಮುಂಗಡದಲ್ಲಿ 6,000 ಮುರಿದುಕೊಂಡರು. ಗೋಡೆಗೆ ನಾನು ಮೊಳೆಯನ್ನೂ ಹೊಡೆದಿರಲಿಲ್ಲ.

ಹೊಳಲ್ಕೆರೆ ರಸ್ತೆ: ನಮ್ಮ ಕಡೆಯ ಬಿಸಿಲಿಗೂ ಡಬ್ಲ್ಯೂ88 ಹಾಕಬಹುದೇ?

ದುರ್ಗದವನು: ಬಿಸಿಲಿಗೆ ಎಕ್ಸ್32. ಡಬ್ಲ್ಯೂ88ರ ಕೆಳಗೇ ಅದನ್ನು ಹೊರಗಿಟ್ಟಿದ್ದಾರೆ. ತಮಾಷೆ ಮಾಡುವವರೂ ಪುಸ್ತಕ ತೆರೆಯಲಿ.

ಹೊಳಲ್ಕೆರೆ ರಸ್ತೆ: ನಗುವುದಕ್ಕೂ ಪುಸ್ತಕ ಬೇಕೇ? ಇರಲಿ. ಮೇಡಂ, ಇನ್ವರ್ಟರ್‌ಗೆ 23,500 ಎಂದಿರಲ್ಲ, ಬ್ಯಾಟರಿ ಸೇರಿಯೋ?

ಪಿ.ಜೆ. ಬಡಾವಣೆ: ಸೇರಿಯೇ.

ದುರ್ಗದವನು: ಮೋಸ ಹೋಗಿದ್ದೀರಿ. ನಮ್ಮಲ್ಲಿ 19,000ಕ್ಕೆ ಕೊಡುತ್ತಾರೆ.